ಗೆಲ್ಲಿರೆಂದು ಹೇಳದ ಗುರು

ಪರೀಕ್ಷೆಯ ಅಂಕಪಟ್ಟಿ ಮನೆಗೆ ಬರುವ ದಿನ ಹೇಗಿರುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳಿಗಾಗಲಿ ಅವರ ಹೆತ್ತವರಿಗಾಗಲಿ ನಾವು ಬಣ್ಣಿಸಿ ಹೇಳಬೇಕಾಗಿಲ್ಲ. ಪಟ್ಟಿಯನ್ನು ಪೂರ್ತಿಯಾಗಿ ಓದುವುದಕ್ಕೆ ಮೊದಲೇ ನೆರೆಮನೆಯ ಹುಡುಗನಿಗೆ ಎಷ್ಟು ಬಂದಿದೆಯೆಂಬ ವಿಚಾರಣೆ ನಡೆದಿರುತ್ತದೆ. ಅವನಿಗಿಂತ ನಾಲ್ಕು ಅಂಕ ಹೆಚ್ಚಾಗಿದ್ದರೆ ಮನೆಯಲ್ಲಿ ಪಾಯಸ. ನಾಲ್ಕು ಕಡಮೆಯಾಗಿದ್ದರೆ ಊಟದ ಹೊತ್ತಿನಲ್ಲಿ ಯಾರೂ ಮಾತನಾಡುವುದಿಲ್ಲ. ಮಗು ಕಳೆದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದೆ, ಎಷ್ಟು ದುಡಿದಿದೆ ಎಂಬ ಲೆಕ್ಕ ಆ ಗದ್ದಲದಲ್ಲಿ ಮರೆತೇಹೋಗುತ್ತದೆ.

ಇದು ನಮ್ಮಲ್ಲಿ ಮಾತ್ರ ಇರುವ ರೂಢಿಯಲ್ಲ. ಅಮೇರಿಕದ ಇಂಡಿಯಾನಾ ಸಂಸ್ಥಾನದ ಸೌತ್ ಬೆಂಡ್ ಎಂಬ ಪಟ್ಟಣದ ಹೈಸ್ಕೂಲಿನಲ್ಲಿ 1934ರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ತರುಣ ಉಪಾಧ್ಯಾಯರೊಬ್ಬರನ್ನೂ ಇದೇ ಗೋಜು ಕಾಡಿತು. ಅಲ್ಲಿ ಅಂಕಗಳಿಗೆ ಬದಲಾಗಿ ಎ, ಬಿ, ಸಿ ಎಂಬ ಶ್ರೇಣಿಗಳನ್ನು ಕೊಡುವ ಪದ್ಧತಿ. ‘ಸಿ’ ಎಂದರೆ ಸಾಧಾರಣ. ನೆರೆಯವರ ಮಕ್ಕಳಿಗೆ ‘ಸಿ’ ಬಂದರೆ ಅದು ತಂದೆತಾಯಿಗಳಿಗೆ ಸರಿಯಾಗಿಯೇ ಕಾಣುತ್ತಿತ್ತು. ನೆರೆಯವರ ಮಕ್ಕಳು ಸಾಧಾರಣರಾಗಿರುವುದು ಸಹಜವಷ್ಟೆ! ತಮ್ಮ ಮಗುವಿಗೆ ಬಂದರೆ ಮಾತ್ರ ಒಂದೋ ಮಗು ಸೋತಿದೆ, ಇಲ್ಲವೇ ಉಪಾಧ್ಯಾಯನು ಸೋತಿದ್ದಾನೆ ಎಂದು ಅವರು ಭಾವಿಸುತ್ತಿದ್ದರು. ದೇವರು ಎಲ್ಲರಿಗೂ ಒಂದೇ ಅಳತೆಯ ಬುದ್ಧಿಯನ್ನಾಗಲಿ ಒಂದೇ ಎತ್ತರದ ದೇಹವನ್ನಾಗಲಿ ಕೊಟ್ಟಿಲ್ಲವಲ್ಲ, ಹಾಗಿರುವಾಗ ಯಶಸ್ಸನ್ನು ಎಲ್ಲರಿಗೂ ಒಂದೇ ಕೋಲಿನಿಂದ ಅಳೆಯುವುದು ನ್ಯಾಯವೇ ಎಂದು ಆ ಉಪಾಧ್ಯಾಯರು ಯೋಚಿಸತೊಡಗಿದರು. ಬಹಳ ಯೋಚಿಸಿ ತಮ್ಮ ಮಟ್ಟಿಗೆ ಒಂದು ವ್ಯಾಖ್ಯೆಯನ್ನು ಬರೆದುಕೊಂಡರು. ಅದರ ತಾತ್ಪರ್ಯ ಹೀಗೆ: ತಾನು ಎಷ್ಟು ಉತ್ತಮನಾಗಬಲ್ಲನೋ ಅಷ್ಟು ಉತ್ತಮನಾಗುವುದಕ್ಕೆ ತನ್ನ ಶಕ್ತಿಯನ್ನೆಲ್ಲ ವಿನಿಯೋಗಿಸಿದೆನೆಂಬ ಅರಿವಿನಿಂದ ಹುಟ್ಟುವ ಮನಸ್ಸಿನ ನೆಮ್ಮದಿಯೇ ಯಶಸ್ಸು.

ಈ ಉಪಾಧ್ಯಾಯರ ಹೆಸರು ಜಾನ್ ವುಡನ್. ಇಂಗ್ಲಿಷ್ ಪಾಠದ ಜೊತೆಗೆ ಅವರು ಹುಡುಗರಿಗೆ ಬಾಸ್ಕೆಟ್‌ಬಾಲ್ ಆಟವನ್ನೂ ಕಲಿಸುತ್ತಿದ್ದರು. ಮುಂದೆ ಅದೇ ಆಟದ ತರಬೇತಿಯಲ್ಲಿ ಅವರಷ್ಟು ಗೆದ್ದವರು ಅಮೇರಿಕದ ಪುರುಷರ ಕಾಲೇಜು ಪಂದ್ಯಗಳಲ್ಲಿ ಮತ್ತೊಬ್ಬರಿಲ್ಲವೆಂಬಂತಾಯಿತು. 1964ರಿಂದ 1975ರ ವರೆಗಿನ 12 ವರ್ಷಗಳಲ್ಲಿ 10 ಸಲ ಅವರ ತಂಡ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯಲ್ಲಿ ಪ್ರಥಮ ಸ್ಥಾನ ಪಡೆಯಿತು. ಒಂದಾದ ಮೇಲೊಂದರಂತೆ 88 ಪಂದ್ಯಗಳಲ್ಲಿ ಸೋಲೇ ಇಲ್ಲದ ಕಾಲವೂ ಇತ್ತು. ಇಷ್ಟು ಗೆದ್ದವರು ತಮ್ಮ ಹುಡುಗರಿಗೆ ‘ಗೆಲ್ಲಿರಿ’ ಎಂಬ ಮಾತನ್ನು ಹೇಳುತ್ತಿರಲಿಲ್ಲವೆಂದರೆ ಆಶ್ಚರ್ಯವಾಗದೆ ಇರದು. ಅವರು ಏನು ಹೇಳುತ್ತಿದ್ದರು, ಹೇಗೆ ಕಲಿಸುತ್ತಿದ್ದರು, ಸೋಲು ಬಂದಾಗ ಏನು ಮಾಡಿದರು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಆಟದ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. ಬಾಸ್ಕೆಟ್‌ಬಾಲ್ ಬಹಳ ಹಳೆಯ ಆಟವಲ್ಲ. 1891ರ ಚಳಿಗಾಲದಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ತರಬೇತಿ ಶಾಲೆಯ ಜೇಮ್ಸ್ ನೈಸ್ಮಿತ್ ಎಂಬವರು, ಹಿಮ ಬೀಳುವ ಕಾಲದಲ್ಲಿ ಒಳಾಂಗಣದಲ್ಲಿಯೇ ಆಡಬಹುದಾದ ಆಟವೊಂದನ್ನು ಕಲ್ಪಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ತೂಗಹಾಕಿದರು. ಹದಿಮೂರು ನಿಯಮಗಳು, ಒಂದು ಕಾಲ್ಚೆಂಡು, ಇಷ್ಟೇ ಬಂಡವಾಳ. ಈಗ ಬುಟ್ಟಿಗೆ ಬದಲಾಗಿ ಕಬ್ಬಿಣದ ಬಳೆ, ಪಕ್ಷಕ್ಕೆ ಐದೈದು ಮಂದಿ. ಎತ್ತರ ಮಾತ್ರ ಅದೇ ಹತ್ತು ಅಡಿ. ವೈ.ಎಂ.ಸಿ.ಎ.ಯ ಮೂಲಕವೇ ಈ ಆಟ ನಮ್ಮ ದೇಶಕ್ಕೂ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬವರು ಮದರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣದ ಕಾಲೇಜಿನಿಂದ ಹೊರಬಂದ ಶಿಕ್ಷಕರು ಇಂಥ ಆಟಗಳನ್ನು ದಕ್ಷಿಣ ದೇಶದ ಶಾಲೆಗಳಿಗೆ ಒಯ್ದರು.

ವುಡನ್ ಅವರು ಹುಟ್ಟಿದ್ದು 1910ರ ಅಕ್ಟೋಬರ್ 14ರಂದು, ಇಂಡಿಯಾನಾದ ಒಂದು ಒಕ್ಕಲುತನದ ಮನೆಯಲ್ಲಿ. ಮನೆಗೆ ವಿದ್ಯುತ್ತಿರಲಿಲ್ಲ, ನಲ್ಲಿಯ ನೀರೂ ಇರಲಿಲ್ಲ. ತಾಯಿ ಚಿಂದಿ ಬಟ್ಟೆಗಳನ್ನು ಕಾಲುಚೀಲದೊಳಗೆ ತುಂಬಿ ಹೊಲಿದು ಚೆಂಡು ಮಾಡಿಕೊಟ್ಟರು. ತಂದೆ ಟೊಮೇಟೊ ಬುಟ್ಟಿಯೊಂದರ ಅಡಿಯನ್ನು ಕಿತ್ತು ಹುಲ್ಲಿನ ಅಟ್ಟದಲ್ಲಿ ಮೊಳೆ ಹೊಡೆದು ಕೂರಿಸಿದರು. ಮುಂದೆ ಜಗತ್ತೇ ನೋಡುವ ಆಟದ ಗುರುವಿಗೆ ಮೊದಲ ಕ್ರೀಡಾಂಗಣ ದೊರೆತದ್ದು ಹೀಗೆ.

ತಂದೆಯವರಾದ ಜೋಶುವಾ ವುಡನ್ ಹೆಚ್ಚು ಮಾತಿನವರಲ್ಲ. ಆದರೆ ಆಡಿದ ನಾಲ್ಕು ಮಾತನ್ನು ಮಗ ತೊಂಬತ್ತು ವರ್ಷ ದಾಟಿದ ಮೇಲೂ ಒಪ್ಪಿಸುತ್ತಿದ್ದರು. ಸುಳ್ಳಾಡಬೇಡ, ವಂಚಿಸಬೇಡ, ಕದಿಯಬೇಡ ಎಂಬುದು ಒಂದು ಗುಂಪು. ಗೋಳಿಡಬೇಡ, ದೂರಬೇಡ, ನೆವ ಹೇಳಬೇಡ ಎಂಬುದು ಇನ್ನೊಂದು. ಮೊದಲಿನ ಮೂರನ್ನು ಯಾವ ಮನೆಯಲ್ಲಿಯಾದರೂ ಹೇಳಿಯಾರು. ಎರಡನೆಯ ಮೂರನ್ನು ಹೇಳುವುದಕ್ಕೆ ಹೇಳುವವನಿಗೂ ಅರ್ಹತೆ ಬೇಕು. ಅವರಿಗೆ ಅದು ಇತ್ತು. ಲಸಿಕೆ ಕೆಟ್ಟದ್ದಾಗಿ ಸಾಕಿದ ಹಂದಿಗಳೆಲ್ಲ ಸತ್ತು, ಸಾಲ ತೀರಿಸಲಾಗದೆ ಹೊಲಮನೆ ಕೈಬಿಟ್ಟು ಹೋದಾಗಲೂ ಅವರು ಲಸಿಕೆ ಮಾರಿದವನನ್ನು ಬೈದದ್ದನ್ನಾಗಲಿ ವಿಧಿಯನ್ನು ಹಳಿದದ್ದನ್ನಾಗಲಿ ಮಕ್ಕಳು ಕೇಳಲಿಲ್ಲ. ಬೇರೆಯವನಿಗಿಂತ ಮೇಲಾಗಬೇಕೆಂದು ಹೆಣಗಬೇಡ, ನೀನು ಆಗಬಲ್ಲಷ್ಟು ಒಳ್ಳೆಯವನಾಗುವುದನ್ನು ಮಾತ್ರ ಬಿಡಬೇಡ ಎಂಬುದೂ ಅವರ ಉಪದೇಶವೇ. 1934ರ ವ್ಯಾಖ್ಯೆಯ ಬೇರು ಎಲ್ಲಿದೆಯೆಂಬುದು ಇದರಿಂದ ತಿಳಿಯುತ್ತದೆ.

ಮುಂದಾಳುತನವನ್ನು ಕುರಿತು ಮಾತು ಬಂದಾಗ ವುಡನ್ ಅವರು ಬಾಲ್ಯದ ಒಂದು ಪ್ರಸಂಗವನ್ನು ನೆನೆಯುತ್ತಿದ್ದರು. ರಸ್ತೆಗೆ ಹಾಕುವ ಜಲ್ಲಿಯನ್ನು ಗುಂಡಿಯಿಂದ ಬಂಡಿಗಳಲ್ಲಿ ಸಾಗಿಸುವ ಕೆಲಸಕ್ಕೆ ಊರಿನ ಒಕ್ಕಲಿಗರು ಹೋಗುತ್ತಿದ್ದರು. ಒಂದು ದಿನ ತರುಣನೊಬ್ಬನ ಬಂಡಿ ಒದ್ದೆ ಮರಳಿನಲ್ಲಿ ಹೂತುಹೋಯಿತು. ಅವನು ಕುದುರೆಗಳನ್ನು ಬೈದ, ಚಾವಟಿಯಿಂದ ಹೊಡೆದ. ಅವು ನೊರೆ ಕಾರುತ್ತ ಒಂದಕ್ಕೊಂದು ವಿರುದ್ಧವಾಗಿ ಜಗ್ಗಾಡಿದುವೇ ಹೊರತು ಬಂಡಿ ಅಲುಗಲಿಲ್ಲ. ಜೋಶುವಾ ವುಡನ್ ಹತ್ತಿರ ಹೋಗಿ, ತಾನು ನೋಡುತ್ತೇನೆಂದು ಹೇಳಿ, ಎರಡು ಕುದುರೆಗಳ ನಡುವೆ ನಿಂತು, ಮೈದಡವಿ, ಮೆಲ್ಲನೆ ಏನೋ ಮಾತನಾಡಿ, ತಾನೂ ಅವುಗಳೊಂದಿಗೆ ಮುಂದಕ್ಕೆ ನಡೆದರು. ಬಂಡಿ ಮೇಲೆ ಬಂತು. ಕೂಗಾಟದಿಂದ ಆಗದ ಕೆಲಸ ಮೆಲುಮಾತಿನಿಂದ ಆಯಿತೆಂಬುದು ಕತೆಯ ಅರ್ಥವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಮಗೆ ಇನ್ನೊಂದು ಅಂಶವೂ ಮುಖ್ಯವೆಂದು ತೋರುತ್ತದೆ: ಅವರು ಹಿಂದೆ ನಿಂತು ಅಟ್ಟಲಿಲ್ಲ, ಪಕ್ಕದಲ್ಲಿ ನಡೆದರು.

ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದಾಗ ವುಡನ್ ಅವರು ದೇಶದ ಅತ್ಯುತ್ತಮ ಆಟಗಾರರಲ್ಲಿ ಒಬ್ಬರೆಂದು ಮೂರು ವರ್ಷ ಎಣಿಕೆಗೊಂಡಿದ್ದರು. 1932ರಲ್ಲಿ ಪದವಿ ಪಡೆದು ಕೆಂಟಕಿ ಸಂಸ್ಥಾನದ ಡೇಟನ್ ಎಂಬ ಊರಿನ ಹೈಸ್ಕೂಲಿಗೆ ಉಪಾಧ್ಯಾಯರಾಗಿ ಹೋದರು. ಅಂಥ ಆಟಗಾರನ ಕೈಕೆಳಗೆ ಆ ಶಾಲೆಯ ತಂಡ ಮೊದಲ ವರ್ಷ ಎಷ್ಟು ಪಂದ್ಯ ಗೆದ್ದಿತೆಂದು ನೀವು ಊಹಿಸುತ್ತೀರಿ? ಗೆದ್ದದ್ದು ಆರು, ಸೋತದ್ದು ಹನ್ನೊಂದು. ತಾನು ಬಲ್ಲದ್ದನ್ನು ಇನ್ನೊಬ್ಬನಿಗೆ ಬರುವಂತೆ ಮಾಡುವುದು ಬೇರೆಯೇ ಒಂದು ವಿದ್ಯೆ. ಅದನ್ನು ಅವರು ಮೊದಲಿನಿಂದ ಕಲಿಯಬೇಕಾಯಿತು.

ಯುದ್ಧಕಾಲದಲ್ಲಿ ನೌಕಾದಳದ ಸೇವೆ ಮುಗಿಸಿ 1946ರಲ್ಲಿ ಅವರು ಇಂಡಿಯಾನಾದ ಸರಕಾರಿ ಅಧ್ಯಾಪಕರ ಕಾಲೇಜಿಗೆ ತರಬೇತುಗಾರರಾಗಿ ಬಂದರು. ಅಲ್ಲಿ ಅವರ ತಂಡದಲ್ಲಿ ಕ್ಲಾರೆನ್ಸ್ ವಾಕರ್ ಎಂಬ ಕರಿಯ ವರ್ಣದ ಹುಡುಗನಿದ್ದ. ಮುಖ್ಯ ಆಟಗಾರನೇನಲ್ಲ, ಹೆಚ್ಚಾಗಿ ಬೆಂಚಿನ ಮೇಲೆಯೇ ಇರುತ್ತಿದ್ದವನು. 1947ರಲ್ಲಿ ತಂಡಕ್ಕೆ ಒಂದು ರಾಷ್ಟ್ರೀಯ ಪಂದ್ಯಾವಳಿಯ ಆಮಂತ್ರಣ ಬಂತು. ಆದರೆ ಕರಿಯರು ಆಡಕೂಡದೆಂದು ಆ ಪಂದ್ಯಾವಳಿಯ ನಿಯಮ. ವಾಕರನನ್ನು ಮನೆಯಲ್ಲಿ ಬಿಟ್ಟು ಹೋಗಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ, ತಂಡದ ಬಲವೂ ಕುಂದುತ್ತಿರಲಿಲ್ಲ. ವುಡನ್ ಅವರು ಆಮಂತ್ರಣವನ್ನೇ ತಿರಸ್ಕರಿಸಿದರು. ಮರುವರ್ಷ ಆ ನಿಯಮ ರದ್ದಾಯಿತು; 1948ರಲ್ಲಿ ತಂಡವು ವಾಕರನೊಂದಿಗೆ ಹೋಯಿತು. ಆ ಪಂದ್ಯಾವಳಿಯಲ್ಲಿ ಆಡಿದ ಪ್ರಥಮ ಕರಿಯ ಆಟಗಾರನೆಂಬ ಹೆಸರು ಅವನದಾಯಿತು. ತಂಡ ಕೊನೆಯ ಪಂದ್ಯದಲ್ಲಿ ಸೋತಿತು. ವುಡನ್ ಅವರ ಬದುಕಿನಲ್ಲಿ ಹತ್ತು ರಾಷ್ಟ್ರೀಯ ಪ್ರಶಸ್ತಿಗಳಿದ್ದರೂ, ಸೋತ ಈ ಪಂದ್ಯಾವಳಿಯನ್ನು ನಾವು ಅವುಗಳಿಗಿಂತ ಮೊದಲು ಹೇಳಬಯಸುತ್ತೇವೆ.

ಅದೇ 1948ರಲ್ಲಿ ಅವರಿಗೆ ಎರಡು ವಿಶ್ವವಿದ್ಯಾನಿಲಯಗಳಿಂದ ಕರೆ ಬಂತು. ಅವರ ಮನಸ್ಸಿದ್ದದ್ದು ತಮ್ಮ ನಾಡಿಗೆ ಹತ್ತಿರವಾದ ಮಿನ್ನೆಸೋಟಾದ ಕಡೆಗೆ. ಗೊತ್ತಾದ ಹೊತ್ತಿಗೆ ಅಲ್ಲಿಂದ ದೂರವಾಣಿ ಕರೆ ಬರಬೇಕಾಗಿತ್ತು. ಹಿಮಗಾಳಿಯಿಂದ ದೂರವಾಣಿ ಕೆಟ್ಟು ಕರೆ ಬರಲಿಲ್ಲ. ಅವರಿಗೆ ತಾನು ಬೇಕಾಗಿಲ್ಲವೆಂದು ತಿಳಿದು, ಸ್ವಲ್ಪ ಹೊತ್ತಿನಲ್ಲಿ ಕರೆದ ಲಾಸ್ ಏಂಜಲೀಸಿನವರಿಗೆ ಬರುತ್ತೇನೆಂದು ಮಾತು ಕೊಟ್ಟರು. ಆಮೇಲೆ ಮಿನ್ನೆಸೋಟಾದವರು ಕರೆದು ವಿಳಂಬದ ಕಾರಣವನ್ನು ತಿಳಿಸಿದರು. ಕಾಗದಪತ್ರ ಯಾವುದೂ ಆಗಿರಲಿಲ್ಲ. ಆದರೆ ಮಾತು ಆಗಿಹೋಗಿತ್ತು. ಹೀಗೆ ಮನಸ್ಸಿಲ್ಲದ ಊರಿಗೆ ಹೋದವರು ಅಲ್ಲಿಯೇ 27 ವರ್ಷ ಕಲಿಸಿದರು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಕಾಲೇಜಿನಲ್ಲಿ, ಪ್ರತಿ ವರ್ಷವೂ ಅಭ್ಯಾಸದ ಮೊದಲ ದಿನ, ದೇಶದ ಮೂಲೆಮೂಲೆಗಳಿಂದ ಬಂದ ಹೆಸರಾಂತ ಹುಡುಗರು ಗುರುವಿನ ಬಾಯಿಂದ ಯಾವ ಗುಟ್ಟು ಹೊರಬೀಳುವುದೋ ಎಂದು ಕಾದು ಕುಳಿತಿರುತ್ತಿದ್ದರು. ವುಡನ್ ಅವರು ಬಂದು, ಕಾಲುಚೀಲವನ್ನು ಹಾಕಿಕೊಳ್ಳುವುದು ಹೇಗೆಂಬುದನ್ನು ಕಲಿಸುತ್ತಿದ್ದರು! ಕಿರುಬೆರಳಿನ ಬಳಿ, ಹಿಮ್ಮಡಿಯ ಬಳಿ ಒಂದಿಷ್ಟೂ ಸುಕ್ಕಿಲ್ಲದಂತೆ ಎಳೆದು ಸವರಬೇಕು. ಬೂಟಿನ ದಾರವನ್ನು ಒಂದೊಂದೇ ತೂತಿನಿಂದ ಬಿಗಿಯುತ್ತ ಬಂದು ಕೊನೆಗೆ ಎರಡು ಗಂಟು ಹಾಕಬೇಕು. ಬೂಟಿನ ಅಳತೆ ಎಷ್ಟೆಂದು ಹುಡುಗ ಹೇಳಿದರೆ ಅದನ್ನು ನಂಬದೆ ತಾವೇ ಅಳೆಯಿಸುತ್ತಿದ್ದರು. ಹುಡುಗರು ಒಳಗೊಳಗೇ ನಗುತ್ತಿದ್ದರೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಆದರೆ ಕಾರಣವನ್ನು ನೋಡಿರಿ. ಸುಕ್ಕಿನಿಂದ ಉಜ್ಜಾಟ, ಉಜ್ಜಾಟದಿಂದ ಬೊಬ್ಬೆ, ಬೊಬ್ಬೆಯಿಂದ ಕುಂಟು. ಕುಂಟುವವನು ತಿರುಗಬೇಕಾದ ಕ್ಷಣದಲ್ಲಿ ತಿರುಗಲಾರ. ಕೊನೆಯ ನಿಮಿಷದಲ್ಲಿ ದಾರ ಬಿಚ್ಚಿದವನು ತಂಡಕ್ಕೆ ಇದ್ದೂ ಇಲ್ಲದವನು. ಒತ್ತಡದ ಗಳಿಗೆಯಲ್ಲಿ ಧೈರ್ಯ ಬೇಕೆಂದು ಎಲ್ಲರೂ ಹೇಳುತ್ತಾರೆ. ಆ ಧೈರ್ಯದ ಒಂದು ಪಾಲು ಬೆಳಗ್ಗೆಯೇ ಕಟ್ಟಿದ ಬೂಟಿನ ಗಂಟಿನಲ್ಲಿದೆಯೆಂದು ಇವರು ತೋರಿಸಿಕೊಟ್ಟರು.

ಅಭ್ಯಾಸ ದಿನಕ್ಕೆ ಎರಡು ಗಂಟೆ. ಆ ಎರಡು ಗಂಟೆಯನ್ನು ಗೊತ್ತುಮಾಡುವುದಕ್ಕಾಗಿ ಬೆಳಗ್ಗೆ ಸಹಾಯಕರೊಡನೆ ಸುಮಾರು ಅಷ್ಟೇ ಹೊತ್ತು ಕುಳಿತು, ಯಾವ ನಿಮಿಷಕ್ಕೆ ಏನೆಂಬುದನ್ನು ಸಣ್ಣ ಕಾರ್ಡುಗಳ ಮೇಲೆ ಬರೆದುಕೊಳ್ಳುತ್ತಿದ್ದರು. ಹೇಳಿದ ಹೊತ್ತಿಗೆ ಪ್ರಾರಂಭ, ಹೇಳಿದ ಹೊತ್ತಿಗೆ ಮುಕ್ತಾಯ. ಹಳೆಯ ವರ್ಷಗಳ ಟಿಪ್ಪಣಿಗಳನ್ನೆಲ್ಲ ಕಾಪಾಡಿ ಹೋಲಿಸಿ ನೋಡುತ್ತಿದ್ದರು.

1974-75ರಲ್ಲಿ ರೊನಾಲ್ಡ್ ಗ್ಯಾಲಿಮೋರ್, ರೊಲಾಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಈ ಅಭ್ಯಾಸಗಳಿಗೆ ಬಂದು ಕುಳಿತು, ವುಡನ್ ಅವರ ಬಾಯಿಂದ ಬಂದ ಒಂದೊಂದು ಮಾತನ್ನೂ ಬಗೆಬಗೆಯಾಗಿ ವಿಂಗಡಿಸಿ ಎಣಿಸಿದರು. ಒಟ್ಟು 2,326 ಬೋಧನೆಯ ಕ್ರಿಯೆಗಳು ದಾಖಲೆಯಾದುವು. ಆ ಎಣಿಕೆಯ ಫಲವನ್ನು ಉಪಾಧ್ಯಾಯರೂ ಹೆತ್ತವರೂ ಗಮನವಿಟ್ಟು ನೋಡತಕ್ಕದ್ದು. ಹೊಗಳಿಕೆ ನೂರಕ್ಕೆ ಏಳರಷ್ಟೂ ಇಲ್ಲ. ಬರಿಯ ಅಸಮಾಧಾನ ಅಥವಾ ಬೈಗುಳವೂ ನೂರಕ್ಕೆ ಏಳರೊಳಗೇ. ಮುಕ್ಕಾಲು ಪಾಲು ಮಾತುಗಳೆಲ್ಲ ತಿಳಿವಳಿಕೆಯವು: ಏನು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ ಮಾಡಬೇಕು. ಉದ್ದ ಭಾಷಣವೆಂಬುದೇ ಇಲ್ಲ. ಹುಡುಗ ತಪ್ಪಿದನೆಂದರೆ ಅವರು ಸಿಳ್ಳೆ ಹಾಕಿ ಆಟ ನಿಲ್ಲಿಸಿ, ಸರಿಯಾದ ಕ್ರಮವನ್ನು ತಾವೇ ಮಾಡಿ ತೋರಿಸುವರು. ಅವನು ಮಾಡಿದ ತಪ್ಪನ್ನು ಹಾಗೆಯೇ ಅಭಿನಯಿಸುವರು. ಮತ್ತೆ ಸರಿಯಾದದ್ದನ್ನು ತೋರಿಸುವರು. ಕೆಲವೇ ಕ್ಷಣಗಳಲ್ಲಿ ಅಷ್ಟೂ ಮುಗಿದು ಆಟ ಮುಂದುವರಿಯುವುದು. ಹೊಗಳಿದರೆ ಮಕ್ಕಳು ಉಬ್ಬುತ್ತಾರೆ, ಬೈದರೆ ಕುಗ್ಗುತ್ತಾರೆ ಎಂದು ನಾವು ಸದಾ ಆ ಎರಡರ ತಕ್ಕಡಿಯನ್ನೇ ತೂಗುತ್ತಿರುತ್ತೇವೆ. ‘ಎಷ್ಟು ಸಲ ಹೇಳಬೇಕು ನಿನಗೆ?’ ಎಂದು ಗದರುವ ನಾವು, ಲೆಕ್ಕ ಎಲ್ಲಿ ತಪ್ಪಿತೆಂಬುದನ್ನು ಎಷ್ಟು ಸಲ ತೋರಿಸಿದ್ದೇವೆ? ಈ ಲೇಖನವನ್ನು ಬರೆಯುವಾಗ ನಾವು ನಮ್ಮ ತರಗತಿಯ ಮಾತುಗಳನ್ನೇ ಎಣಿಸಿ ನೋಡಿ ನಾಚಿದೆವೆಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇವೆ.

1934ರಲ್ಲಿ ತೊಡಗಿದ ಯೋಚನೆಯನ್ನು ವುಡನ್ ಅವರು ಅಲ್ಲಿಗೇ ಬಿಡದೆ, ಹದಿನಾಲ್ಕು ವರ್ಷ ತಿದ್ದಿ ತೀಡಿ 1948ರ ಹೊತ್ತಿಗೆ ‘ಯಶಸ್ಸಿನ ಗೋಪುರ’ವೆಂಬ ಒಂದು ನಕ್ಷೆಯಾಗಿ ಮುಗಿಸಿದರು. ಈಜಿಪ್ಟಿನ ಪಿರಮಿಡ್ಡಿನ ಆಕಾರದಲ್ಲಿ ಹದಿನೈದು ಕಲ್ಲುಗಳು. ತಳದ ಐದು ಕಲ್ಲುಗಳಲ್ಲಿ ಎರಡು ಕೊನೆಗಳಲ್ಲಿ ಪರಿಶ್ರಮ ಮತ್ತು ಉತ್ಸಾಹ. ನಡುವೆ ಸ್ನೇಹ, ನಿಷ್ಠೆ, ಸಹಕಾರ. ಮೂಲೆಗಲ್ಲುಗಳನ್ನು ಮಾತ್ರ ಅವರು ಮೊದಲ ದಿನದಿಂದ ಕೊನೆಯವರೆಗೆ ಬದಲಾಯಿಸಲಿಲ್ಲ. ಅದರ ಮೇಲಿನ ಸಾಲಿನಲ್ಲಿ ಆತ್ಮಸಂಯಮ, ಎಚ್ಚರ ಮುಂತಾದುವು. ಕೌಶಲವೆಂಬುದು ಬರುವುದು ಮೂರನೆಯ ಸಾಲಿನಲ್ಲಿ. ಸ್ಥೈರ್ಯ ಮತ್ತು ಆತ್ಮವಿಶ್ವಾಸಗಳು ಅದಕ್ಕೂ ಮೇಲೆ. ಆತ್ಮವಿಶ್ವಾಸವೇ ಎಲ್ಲಕ್ಕೂ ಬುನಾದಿಯೆಂದು ಈಗಿನ ಉಪನ್ಯಾಸಕಾರರು ಹೇಳುವುದನ್ನು ನಾವು ಕೇಳುತ್ತೇವೆ. ವುಡನ್ ಅವರ ಗೋಪುರದಲ್ಲಿ ಅದು ಮೇಲಿನ ಕಲ್ಲು. ಕೆಳಗಿನ ಹನ್ನೆರಡು ಕಲ್ಲುಗಳನ್ನು ಕೂರಿಸದೆ ಅದನ್ನು ಇಡುವ ಹಾಗಿಲ್ಲ. ಓದದೆ ಪರೀಕ್ಷೆಗೆ ಹೋಗುವವನಿಗೆ ‘ಧೈರ್ಯವಾಗಿರು’ ಎಂದು ಹೇಳಿ ಏನು ಪ್ರಯೋಜನ? ಶಿಖರದ ಎರಡು ಪಕ್ಕಗಳಲ್ಲಿ, ಗಾರೆಯ ಹಾಗೆ, ತಾಳ್ಮೆ ಮತ್ತು ಶ್ರದ್ಧೆ ಎಂಬ ಎರಡು ಮಾತುಗಳನ್ನು ಬರೆದರು.

ತಾಳ್ಮೆಯ ಕಲ್ಲನ್ನು ಅವರು ಸುಮ್ಮನೆ ಬರೆದಿರಲಿಲ್ಲ. ಲಾಸ್ ಏಂಜಲೀಸಿಗೆ ಬಂದ ಮೇಲೆ ಹದಿನೈದು ಋತುಗಳು ಕಳೆದರೂ ರಾಷ್ಟ್ರೀಯ ಪ್ರಶಸ್ತಿ ಬರಲಿಲ್ಲ. ಇಕ್ಕಟ್ಟಾದ ಹಳೆಯ ವ್ಯಾಯಾಮಶಾಲೆಯ ಧೂಳಿನ ನೆಲವನ್ನು ಅಭ್ಯಾಸಕ್ಕೆ ಮೊದಲು ತಾವೇ ಒದ್ದೆ ಬಟ್ಟೆಯಿಂದ ಒರೆಸುವುದಕ್ಕೂ ನಿಲ್ಲುತ್ತಿದ್ದರು. ಕೊನೆಗೆ 1964ರಲ್ಲಿ ಬಂತು ಆ ಕಾಲ. ವಿಚಿತ್ರವೆಂದರೆ ಆ ವರ್ಷದ ತಂಡದ ಮೊದಲ ಐವರಲ್ಲಿ ಆರೂವರೆ ಅಡಿ ಎತ್ತರದವನು ಒಬ್ಬನೂ ಇರಲಿಲ್ಲ. ನಮಗೆ ಅದು ಎತ್ತರವೇ. ಆ ಆಟದಲ್ಲಿ ಅದು ಗಿಡ್ಡತನ.

ಎತ್ತರವಿಲ್ಲದವರು ಗೆದ್ದದ್ದು ಹೇಗೆಂಬುದು ಒತ್ತಡವನ್ನು ಅರಿಯಬೇಕೆಂಬವರಿಗೆ ಒಳ್ಳೆಯ ಪಾಠ. ಸಹಾಯಕರಾದ ಜೆರ್ರಿ ನಾರ್ಮನ್ ಅವರ ಸಲಹೆಯನ್ನು ಒಪ್ಪಿ ವುಡನ್ ಅವರು ಒಂದು ವ್ಯೂಹವನ್ನು ರಚಿಸಿದರು. ಸಾಮಾನ್ಯವಾಗಿ ಒಂದು ಪಕ್ಷ ಅಂಕ ಗಳಿಸಿದ ಮೇಲೆ ತನ್ನ ಬುಟ್ಟಿಯನ್ನು ಕಾಯುವುದಕ್ಕೆ ಹಿಂದಕ್ಕೆ ಓಡುತ್ತದೆ. ಎದುರಾಳಿಯು ಸಾವಧಾನವಾಗಿ ಚೆಂಡನ್ನು ತರುತ್ತಾನೆ. ಇವರು ಹಿಂದಕ್ಕೆ ಹೋಗಲಿಲ್ಲ. ಮುಂದೆ ಇಬ್ಬರು, ನಡುವೆ ಇಬ್ಬರು, ಕೊನೆಗೆ ಒಬ್ಬನೆಂಬಂತೆ ಮೈದಾನದ ಉದ್ದಕ್ಕೂ ನಿಂತು ಎದುರಾಳಿಯು ಚೆಂಡು ಮುಟ್ಟಿದ ಕ್ಷಣದಿಂದಲೇ ಅವನನ್ನು ಮುತ್ತಿದರು. ಹತ್ತು ಸೆಕೆಂಡುಗಳೊಳಗೆ ಚೆಂಡನ್ನು ನಡುಗೆರೆಯಿಂದಾಚೆ ದಾಟಿಸಬೇಕೆಂಬುದು ನಿಯಮ. ಚೆಂಡನ್ನು ಕಸಿದುಕೊಳ್ಳುವುದಕ್ಕಿಂತಲೂ ಎದುರಾಳಿಗೆ ಅವಸರವನ್ನು ಹುಟ್ಟಿಸುವುದೇ ಮುಖ್ಯ ಉದ್ದೇಶ. ಅವಸರದವನು ನೋಡದೆ ಎಸೆಯುತ್ತಾನೆ. ಒಂದು ತಪ್ಪನ್ನು ಮುಚ್ಚಿಕೊಳ್ಳಲು ಹೋಗಿ ಇನ್ನೊಂದನ್ನು ಮಾಡುತ್ತಾನೆ. ಪಂದ್ಯದ ಮೊದಲ ಅರ್ಧಗಂಟೆ ಏನೂ ಆಗದಂತೆ ಕಾಣುತ್ತಿದ್ದರೂ ಯಾವುದೋ ಒಂದು ಗಳಿಗೆಯಲ್ಲಿ ಎದುರು ತಂಡ ಒಮ್ಮೆಲೇ ಬಿರುಕುಬಿಡುತ್ತಿತ್ತು. ಆ ವರ್ಷದ ಅಂತಿಮ ಪಂದ್ಯದಲ್ಲಿ ಡ್ಯೂಕ್ ವಿಶ್ವವಿದ್ಯಾನಿಲಯದ ತಂಡ 30-27ರಿಂದ ಮುಂದಿತ್ತು. ಅವರಲ್ಲಿ ಇಬ್ಬರು ಆರು ಅಡಿ ಹತ್ತು ಅಂಗುಲದವರು. ಮುಂದಿನ ಎರಡೂವರೆ ನಿಮಿಷಗಳಲ್ಲಿ ವುಡನ್ ಅವರ ಹುಡುಗರು ಸತತವಾಗಿ 16 ಅಂಕ ಗಳಿಸಿದರು. ಡ್ಯೂಕಿಗೆ ಒಂದೂ ಇಲ್ಲ. ಪಂದ್ಯ 98-83ರಿಂದ ಮುಗಿಯಿತು. ಅಂದು 26 ಅಂಕಗಳನ್ನು ತಂದುಕೊಟ್ಟ ಕೆನ್ನಿ ವಾಷಿಂಗ್ಟನ್ ಎಂಬ ಹುಡುಗ ಮೊದಲ ಐವರಲ್ಲಿ ಒಬ್ಬನಲ್ಲ, ಬೆಂಚಿನಿಂದ ಎದ್ದು ಬಂದವನು.

‘ಚುರುಕಾಗಿರಿ, ಆದರೆ ಅವಸರಪಡಬೇಡಿ’ ಎಂದು ವುಡನ್ ಅವರು ತಮ್ಮ ಹುಡುಗರಿಗೆ ಸದಾ ಹೇಳುತ್ತಿದ್ದರು. ಚುರುಕಿಗೂ ಅವಸರಕ್ಕೂ ಇರುವ ಅಂತರವನ್ನು ಪರೀಕ್ಷೆಯ ಕೊನೆಯ ಹತ್ತು ನಿಮಿಷಗಳಲ್ಲಿ ಉತ್ತರಪತ್ರಿಕೆಯ ಮೇಲೆ ಬಾಗಿರುವ ನಮ್ಮ ವಿದ್ಯಾರ್ಥಿಗಳು ಬೇಗನೆ ಅರಿತಾರು.

ಇನ್ನು ಶ್ರದ್ಧೆಯ ವಿಚಾರ. ವುಡನ್ ಅವರು ದೃಢಭಕ್ತಿಯ ಕ್ರೈಸ್ತರು. ನೌಕಾದಳಕ್ಕೆ ಹೊರಡುವಾಗ ಸೌತ್ ಬೆಂಡಿನ ಇಗರ್ಜಿಯ ಪಾದ್ರಿಯವರು ಕೊಟ್ಟ ಒಂದು ಪುಟ್ಟ ಲೋಹದ ಶಿಲುಬೆಯನ್ನು ಅವರು ಜೀವಮಾನವೆಲ್ಲ ಜೇಬಿನಲ್ಲಿಟ್ಟುಕೊಂಡಿದ್ದರು. ಪಂದ್ಯದ ಹೊತ್ತಿಗೆ ಒಂದು ಕೈಯಲ್ಲಿ ಸುರುಳಿ ಸುತ್ತಿದ ಕಾರ್ಯಕ್ರಮ ಪತ್ರಿಕೆ ಎಲ್ಲರಿಗೂ ಕಾಣುತ್ತಿತ್ತು. ಇನ್ನೊಂದು ಮುಷ್ಟಿಯೊಳಗೆ ಆ ಶಿಲುಬೆ ಇರುತ್ತಿದ್ದುದು ಬಹುಮಂದಿಗೆ ತಿಳಿದಿರಲಿಲ್ಲ. ಗೆಲುವನ್ನು ಬೇಡುವುದಕ್ಕಾಗಿ ಅದನ್ನು ಹಿಡಿಯುತ್ತಿರಲಿಲ್ಲ. ಎದುರು ಪಕ್ಷದವರೂ ದೇವರ ಮಕ್ಕಳೇ ಅಲ್ಲವೇ? ಈ ಆಟಕ್ಕಿಂತ ದೊಡ್ಡದೊಂದಿದೆಯೆಂಬುದನ್ನು ತನಗೆ ತಾನೇ ನೆನಪಿಸಿಕೊಳ್ಳುವುದಕ್ಕಾಗಿ, ಸಿಟ್ಟು ಬಂದಾಗ ನಾಲಿಗೆಯನ್ನು ಬಿಗಿಹಿಡಿಯುವುದಕ್ಕಾಗಿ ಅದು ಬೇಕಾಗಿತ್ತು. ಫಲದ ಮೇಲೆ ಕಣ್ಣಿಡದೆ ಕರ್ತವ್ಯವನ್ನು ಮಾಡಬೇಕೆಂಬ ಮಾತು ನಮ್ಮ ಓದುಗರಿಗೆ ಹೊಸದಲ್ಲ. ಹಿರಿಯರ ಬಾಯಿಂದ ನೂರು ಸಲ ಕೇಳಿದ್ದೇವೆ. ಸಾವಿರಾರು ಜನ ಕೂಗುತ್ತಿರುವ ಕ್ರೀಡಾಂಗಣದ ನಡುವೆ ಕುಳಿತು ಅದನ್ನು ನಡೆಸಲು ಹೆಣಗಿದ ಒಬ್ಬ ಮನುಷ್ಯನನ್ನು ಇಲ್ಲಿ ಕಾಣುತ್ತೇವೆ. ಹೆಣಗಿದರೆಂದೇ ಹೇಳುತ್ತೇವೆ, ಏಕೆಂದರೆ ತೀರ್ಪುಗಾರರ ಮೇಲೂ ಎದುರು ಆಟಗಾರರ ಮೇಲೂ ಬೆಂಚಿನಿಂದಲೇ ಚುಚ್ಚುಮಾತು ಎಸೆಯುವ ಚಾಳಿ ಅವರಿಗಿತ್ತು. ಅದನ್ನು ಅವರು ಮುಂದೆ ತಾವೇ ಒಪ್ಪಿ ಪಶ್ಚಾತ್ತಾಪಪಟ್ಟರು.

ತಮ್ಮ ಶ್ರದ್ಧೆಯನ್ನು ಅವರು ಶಿಷ್ಯರ ಮೇಲೆ ಹೇರಲಿಲ್ಲ. ಅವರ ಶಿಷ್ಯರಲ್ಲೆಲ್ಲ ಹೆಸರಾದ, ಏಳು ಅಡಿ ಎರಡು ಅಂಗುಲ ಎತ್ತರದ ಲ್ಯೂ ಆಲ್ಸಿಂಡರ್ ಎಂಬ ತರುಣನು ಕಾಲೇಜಿನಲ್ಲಿರುವಾಗಲೇ ಇಸ್ಲಾಂ ಮತವನ್ನು ಸ್ವೀಕರಿಸಿ, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂಬ ಹೆಸರಿನಿಂದ ಲೋಕವಿಖ್ಯಾತನಾದನು. ಗುರುಶಿಷ್ಯರ ಸಂಬಂಧ ಅದರಿಂದ ಎಳ್ಳಷ್ಟೂ ಕೆಡಲಿಲ್ಲ. ಗುರು ತೀರಿಕೊಂಡ ಏಳು ವರ್ಷಗಳ ಮೇಲೆ, 2017ರಲ್ಲಿ, ಐವತ್ತು ವರ್ಷಗಳ ಆ ಸ್ನೇಹವನ್ನು ಕುರಿತು ಶಿಷ್ಯನು ಒಂದು ಪುಸ್ತಕವನ್ನೇ ಬರೆದನು.

ನಿಯಮದಲ್ಲಿ ಮಾತ್ರ ರಿಯಾಯಿತಿ ಇರಲಿಲ್ಲ. ಗಡ್ಡ ಬಿಡಕೂಡದು, ಕೂದಲು ಉದ್ದವಾಗಿರಕೂಡದು ಎಂಬುದು ತಂಡದ ಕಟ್ಟಳೆ. ದೇಶದ ಅತ್ಯುತ್ತಮ ಆಟಗಾರನೆನಿಸಿದ್ದ ಬಿಲ್ ವಾಲ್ಟನ್ ಒಂದು ಸಲ ಗಡ್ಡ ಬಿಟ್ಟುಕೊಂಡು ಬಂದು, ಇದು ತನ್ನ ಹಕ್ಕೆಂದು ವಾದಿಸಿದ. ಹಕ್ಕು ನಿಜ, ತನ್ನ ನಂಬಿಕೆಗೆ ಅಂಟಿಕೊಳ್ಳುವವರನ್ನು ತಾನು ಮೆಚ್ಚುತ್ತೇನೆ, ಆದರೆ ತಂಡಕ್ಕೆ ನಿನ್ನ ಅಭಾವ ಬಹಳ ತಟ್ಟೀತು ಎಂದರು ವುಡನ್. ವಾಲ್ಟನ್ ಗಡ್ಡ ಬೋಳಿಸಿಕೊಂಡು ಅಭ್ಯಾಸಕ್ಕೆ ಬಂದ.

ಆದರೂ ಎಲ್ಲರಿಗೂ ಅವರಿಂದ ನ್ಯಾಯವಾಯಿತೆಂದು ಹೇಳಿದರೆ ಸತ್ಯಕ್ಕೆ ಕುಂದಾದೀತು. 1970ರ ಋತುವಿನ ಕೊನೆಯ ಔತಣದಲ್ಲಿ, ಕಾಲೇಜು ಬಿಟ್ಟು ಹೊರಡಲಿದ್ದ ಒಬ್ಬ ಬೆಂಚಿನ ಆಟಗಾರನು ಎದ್ದು ನಿಂತು, ಇಲ್ಲಿ ಹೆಸರಾದವರಿಗೆ ಒಂದು ನೀತಿ, ನಮ್ಮಂಥವರಿಗೆ ಒಂದು ನೀತಿಯೆಂದು ತುಂಬಿದ ಸಭೆಯಲ್ಲಿಯೇ ಹೇಳಿದನು. ಎಲ್ಲರನ್ನೂ ಒಂದೇ ಬಗೆಯಾಗಿ ಕಾಣುವುದು ನ್ಯಾಯವಲ್ಲ, ಅವರವರು ಸಂಪಾದಿಸಿದ್ದಕ್ಕೆ ತಕ್ಕಂತೆ ಕಾಣುವುದೇ ನ್ಯಾಯವೆಂಬುದು ವುಡನ್ ಅವರ ಮತವಾಗಿತ್ತು. ಆ ಮತದಲ್ಲಿ ಹುರುಳಿದೆ. ಆದರೆ ಬೆಂಚಿನ ಮೇಲೆ ಕುಳಿತವನ ಕಣ್ಣಿಗೆ ಅದು ಹೇಗೆ ಕಂಡೀತೆಂಬುದನ್ನು ಅವರು ಸಾಕಷ್ಟು ವಿಚಾರಿಸಲಿಲ್ಲವೆಂದು ನಮಗೆ ತೋರುತ್ತದೆ. ಪ್ರತಿ ತರಗತಿಯಲ್ಲಿಯೂ ಕೊನೆಯ ಬೆಂಚು ಎಂಬುದೊಂದಿದೆಯಷ್ಟೆ.

ಸೋಲಿನ ಪ್ರಸಂಗಗಳನ್ನು ಹೇಳದೆ ಒತ್ತಡದ ಮಾತು ಪೂರ್ತಿಯಾಗದು. 1968ರ ಜನವರಿ 20ರಂದು ಹ್ಯೂಸ್ಟನ್ ನಗರದಲ್ಲಿ 52,000ಕ್ಕೂ ಹೆಚ್ಚು ಜನರ ಮುಂದೆ, ಕಣ್ಣಿಗೆ ಗಾಯವಾಗಿದ್ದ ಆಲ್ಸಿಂಡರನನ್ನು ಕಟ್ಟಿಕೊಂಡು ಅವರ ತಂಡ 71-69ರಿಂದ ಸೋತಿತು. ಎರಡು ತಿಂಗಳ ಅನಂತರ ಅದೇ ಹ್ಯೂಸ್ಟನ್ ತಂಡವನ್ನು 101-69ರಿಂದ ಸೋಲಿಸಿತು. 1974ರ ಜನವರಿ 19ರ ಸೋಲು ಇನ್ನೂ ಕಹಿಯಾದುದು. ನೋಟರ್ ಡೇಮ್ ತಂಡದ ಮೇಲೆ 70-59ರ ಮುನ್ನಡೆ. ಉಳಿದದ್ದು ಮೂರು ಚಿಲ್ಲರೆ ನಿಮಿಷ. 88 ಪಂದ್ಯಗಳ ಅಜೇಯ ಸರಣಿ ಬೆನ್ನಿಗೆ. ಕೊನೆಯ ಹನ್ನೆರಡು ಅಂಕಗಳನ್ನೂ ಎದುರಾಳಿಗಳೇ ಗಳಿಸಿ 71-70ರಿಂದ ಗೆದ್ದುಬಿಟ್ಟರು. ಎದುರಾಳಿಗಳ ಮೇಲೆ ಅವಸರವನ್ನು ಹೇರಿ ಗೆಲ್ಲುತ್ತಿದ್ದವರ ಶಿಷ್ಯರೇ ಅಂದು ಅವಸರಕ್ಕೆ ಸಿಕ್ಕಿ ಚೆಂಡನ್ನು ಕಳೆದುಕೊಂಡರು. ಒಂದು ವಾರದಲ್ಲಿ ಅದೇ ತಂಡವನ್ನು 94-75ರಿಂದ ಸೋಲಿಸಿದರೂ, ಆ ವರ್ಷದ ರಾಷ್ಟ್ರೀಯ ಪ್ರಶಸ್ತಿ ಮಾತ್ರ ಬರಲಿಲ್ಲ. ಉಪಾಂತ್ಯ ಪಂದ್ಯದಲ್ಲಿ ಎರಡು ಸಲ ಹೆಚ್ಚುವರಿ ಸಮಯ ಆಡಿ 80-77ರಿಂದ ಸೋತರು. ಏಳು ವರ್ಷ ಬಿಡದೆ ಬಂದ ಪ್ರಶಸ್ತಿ ಎಂಟನೆಯ ವರ್ಷ ತಪ್ಪಿತು.

1975ರ ಮಾರ್ಚಿಯಲ್ಲಿ ಉಪಾಂತ್ಯ ಪಂದ್ಯವನ್ನು ಕೇವಲ ಒಂದು ಅಂಕದಿಂದ ಗೆದ್ದರು. ಎದುರು ತಂಡದ ತರಬೇತುಗಾರ ಅವರ ಹಳೆಯ ಶಿಷ್ಯನೇ ಆಗಿದ್ದ ಡೆನ್ನಿ ಕ್ರಮ್. ಆ ಪಂದ್ಯ ಮುಗಿದೊಡನೆ, ಮುಂದಿನದೇ ತನ್ನ ಕೊನೆಯ ಪಂದ್ಯವೆಂದು ವುಡನ್ ಅವರು ಹುಡುಗರಿಗೆ ತಿಳಿಸಿದರು. ಮಾರ್ಚಿ 31ರಂದು ಕೆಂಟಕಿ ತಂಡವನ್ನು 92-85ರಿಂದ ಸೋಲಿಸಿ ಹುಡುಗರು ಗುರುವನ್ನು ಬೀಳ್ಕೊಟ್ಟರು. ಆ ಕಾಲೇಜಿನಲ್ಲಿ ಒಟ್ಟು ಗೆದ್ದದ್ದು 620 ಪಂದ್ಯ, ಸೋತದ್ದು 147. ಆಮೇಲೆ 35 ವರ್ಷ ಬದುಕಿ, ನೂರು ತುಂಬುವುದಕ್ಕೆ ನಾಲ್ಕು ತಿಂಗಳು ಉಳಿದಿರುವಾಗ, 2010ರ ಜೂನ್ 4ರಂದು ತೀರಿಕೊಂಡರು.

ಕೊನೆಯ ಆ ಪಂದ್ಯ ಮುಗಿದು ಮೈದಾನದಿಂದ ಹೊರಬರುತ್ತಿದ್ದಾಗ ನಡೆದುದನ್ನು ಅವರು ಮುಂದೆ ನಗುತ್ತ ಹೇಳುತ್ತಿದ್ದರು. ತಂಡದ ಅಭಿಮಾನಿಯೊಬ್ಬನು ಜನರ ನಡುವಿನಿಂದ ನುಗ್ಗಿ ಬಂದು ಅವರನ್ನು ಅಭಿನಂದಿಸಿದನು. ಹತ್ತನೆಯ ಪ್ರಶಸ್ತಿಯನ್ನು ಗೆದ್ದು, ನಾಲ್ವತ್ತು ವರ್ಷಗಳ ಬೋಧನೆಯನ್ನು ಮುಗಿಸಿ ಹೊರಡುತ್ತಿದ್ದ ಆ ಮುದುಕನಿಗೆ ಅವನು ಹೇಳಿದ ಮಾತಿನ ಭಾವ ಇಷ್ಟು: ಕಳೆದ ವರ್ಷ ನಮಗೆ ನಿರಾಶೆಯುಂಟುಮಾಡಿದಿರಲ್ಲ, ಅದಕ್ಕೆ ಈ ಗೆಲುವು ಸರಿಹೋಯಿತು.